ಗೆದ್ದ ವರ್ಷವೇ ಕೊನೆ

ಮೊಮ್ಮಗನೊಡನೆ ತಿಪಟೂರಿಗೆ ಹೋಗಿದ್ದೆ. ತೋಟದಲ್ಲಿ ಬುಡ ಬಾಗಿದ ತೆಂಗಿನ ಮಟ್ಟೆಯೇ ಅವನ ಹಾಕಿ ಕೋಲು, ಉದುರಿದ ಹರಳೇ ಚೆಂಡು!

"ತಾತ, ನೀವು ಹಾಕಿ ನೋಡ್ತಿದ್ರಾ?"

ನೋಡದೆ ಏನು ಮಕ್ಕಳೇ! 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾಯಿತು. ಅಟ್ಟದ ಮೇಲೆ ಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು, ಕೆಳಗೆ ಟಿ.ವಿ. ಮುಂದೆ ನಾವೆಲ್ಲ. ಆಗ ಹಾಕಿ ಎಂದರೆ 35 ನಿಮಿಷದ ಎರಡು ಭಾಗ. ಲೀಗಿನಲ್ಲಿ ಮಾತ್ರ 17.5 ನಿಮಿಷದ ನಾಲ್ಕು. "ಇದೆಂಥ ಹಾಕಿಯೋ!" ಎಂದು ನಮ್ಮಣ್ಣ ಗೊಣಗುತ್ತಿದ್ದ. ಈಗ ಒಲಿಂಪಿಕ್ಸ್‌ನಲ್ಲೂ ನಾಲ್ಕೇ ಭಾಗ, 15 ನಿಮಿಷದವು.

2008ರಲ್ಲಿ ನಮ್ಮ ಬೆಂಗಳೂರು ಹೈಫ್ಲೈಯರ್ಸ್ ಗೆದ್ದಿತು. ಕೊಡಗಿನ ಅರ್ಜುನ್ ಹಾಲಪ್ಪ ಆ ತಂಡದವರೇ. ಅದೇ ವರ್ಷ ಭಾರತ, 1928ರಿಂದೀಚೆಗೆ ಮೊದಲ ಸಲ, ಒಲಿಂಪಿಕ್ಸ್ ಹಾಕಿಗೆ ಅರ್ಹತೆ ಪಡೆಯಲಿಲ್ಲ. ಭಾರತೀಯ ಹಾಕಿ ಒಕ್ಕೂಟ ಅಮಾನತಾಯಿತು. ಲೀಗ್ ಮತ್ತೆ ನಡೆಯಲೇ ಇಲ್ಲ.

"ಗೆದ್ದವರ ತಂಡಾನೂ ಹೋಯ್ತಾ?" ಹುಡುಗನ ಮುಖ ಸಪ್ಪೆಯಾಯಿತು. ನನಗೂ ಉತ್ತರ ಹೊಳೆಯಲಿಲ್ಲ.

"ಹಾಗಾದ್ರೆ ನಾನೇ ಹೈಫ್ಲೈಯರ್ಸ್. ನೀವು ಗೋಲಿ!"

ಪಂಚೆ ಎತ್ತಿ ಕಟ್ಟಿ ಎರಡು ತೆಂಗಿನ ಮರಗಳ ನಡುವೆ ನಿಂತೆ. ಮೊದಲ ಹರಳೇ ಮೊಣಕಾಲಿಗೆ ಬಿತ್ತು.