ಚಪ್ಪಲಿಯಿಂದಾಚೆ

ನಿಘಂಟನ್ನು ಅರ್ಥ ಹುಡುಕಲು ತೆರೆಯುವವರಿದ್ದಾರೆ, ಸುಮ್ಮನೆ ಅಡ್ಡಾಡಲು ತೆರೆಯುವವರೂ ಇದ್ದಾರೆ. ನಾನು ಎರಡನೆಯವರ ಪೈಕಿ. ಊಟವಾದ ಮೇಲೆ ಪೀಟರ್ ರೋಜೆಯ ಥೆಸಾರಸ್ಸಿನಲ್ಲಿ ಎಲ್ಲೋ ಒಂದು ಕಡೆ ಹೊಕ್ಕು ಇನ್ನೆಲ್ಲೋ ಹೊರಬೀಳುವುದು ನನಗೆ ಎಲೆ ಅಡಿಕೆಯಷ್ಟೇ ಹಿತ. ಸಮಾನಾರ್ಥಕ ಎನ್ನಿಸಿಕೊಂಡ ಎರಡು ಪದಗಳನ್ನು ಪಕ್ಕಪಕ್ಕ ಕೂರಿಸಿ, ಜಗಳ ಎಲ್ಲಿ ಶುರುವಾಗುತ್ತದೆ ಎಂದು ನೋಡುವುದೇ ಇದರ ಮಜಾ.

ಸದ್ಯ ನನ್ನನ್ನು ಹಿಡಿದಿರುವುದು ‘ಅಲ್ಟ್ರಾಕ್ರೆಪಿಡೇರಿಯನ್’. ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವವನು ಎಂದು ಅರ್ಥ. ಟಿವಿ ಚರ್ಚೆ ನೋಡುವವರಿಗೆ ಉದಾಹರಣೆ ಬೇಕಿಲ್ಲ.

ಇದರ ನೆಂಟರನ್ನು ಕರೆದು ನೋಡಿ. ‘ನೋ-ಆಲ್’ಗೆ ಎಲ್ಲವೂ ಗೊತ್ತು, ಕನಿಷ್ಠ ಅವನ ಲೆಕ್ಕದಲ್ಲಿ. ‘ವೈಸೇಕರ್’ನ ಬಾಲದಲ್ಲಿ ಎಕರೆ ಕೇಳಿಸಿದರೂ ಅವನಿಗೆ ಗೇಣು ಜಮೀನಿಲ್ಲ, ಆತ ಡಚ್ ನಾಡಿನಿಂದ ಬಂದ ಕಣಿ ಹೇಳುವವನು. ‘ಸಯೊಲಿಸ್ಟ್’ನದು ಮೇಲುಮೇಲಿನ ತಿಳಿವು, ಆಳದ ಪ್ರದರ್ಶನ. ‘ಕ್ವ್ಯಾಕ್’ಗೆ ತಾನು ಸುಳ್ಳು ಎಂಬುದು ಸಾಮಾನ್ಯವಾಗಿ ಗೊತ್ತಿರುತ್ತದೆ. ನಮ್ಮವನು ಇವರ್ಯಾರೂ ಅಲ್ಲ. ತನ್ನ ಕಸುಬಿನಲ್ಲಿ ಅವನು ನಿಜವಾಗಿ ಗಟ್ಟಿಗನೇ ಇರಬಹುದು. ಬೇಲಿ ದಾಟಿದಾಗ ಮಾತ್ರ ಈ ಪದ ಅವನಿಗೆ ಅಂಟುತ್ತದೆ. ಕನ್ನಡದ ‘ಅಧಿಕಪ್ರಸಂಗಿ’ ಹತ್ತಿರ ಬರುತ್ತದೆ, ಆದರೆ ಅದು ಬೈಯುವುದು ಹೆಚ್ಚಾದ ಮಾತನ್ನು. ಆಡಿದವನ ಕಸುಬನ್ನು ಕೇಳುವುದಿಲ್ಲ.

ಇಂಗ್ಲಿಷ್ ಪದ ಕೇಳುತ್ತದೆ. ಲ್ಯಾಟಿನ್ನಿನ ‘ಕ್ರೆಪಿಡಾ’ ಎಂದರೆ ಚಪ್ಪಲಿ. ರೋಮಿನ ಪ್ಲಿನಿ ಹೇಳಿದ ಕಥೆಯಿದು: ಅಲೆಕ್ಸಾಂಡರನ ಕಾಲದ ಚಿತ್ರಕಾರ ಅಪೆಲಿಸ್ ತನ್ನ ಚಿತ್ರಗಳನ್ನು ಹೊರಗಿಟ್ಟು, ಹಿಂದೆ ಅಡಗಿ ಕೂತು ದಾರಿಹೋಕರ ಮಾತು ಕೇಳಿಸಿಕೊಳ್ಳುತ್ತಿದ್ದ. ಒಬ್ಬ ಚಮ್ಮಾರ, ಚಪ್ಪಲಿಗೆ ಒಂದು ಕುಣಿಕೆ ಕಮ್ಮಿಯಾಗಿದೆ ಎಂದ. ಅಪೆಲಿಸ್ ತಿದ್ದಿದ. ಮರುದಿನ ಅದನ್ನು ಕಂಡು ಹಿಗ್ಗಿದ ಚಮ್ಮಾರ ಕಾಲಿನ ಬಗ್ಗೆಯೂ ಕೊಂಕು ತೆಗೆದ. ಅಪೆಲಿಸ್ ಸಿಟ್ಟಿನಿಂದ ಇಣುಕಿ, ನಿನ್ನ ತೀರ್ಪು ಚಪ್ಪಲಿಗೇ ನಿಲ್ಲಲಿ ಎಂದು ಗದರಿದ. ಮೊದಲ ದಿನ ಆತ ಹೇಳಿದ್ದು ಸರಿಯಿತ್ತು ಎಂಬುದು ಪದದಲ್ಲಿ ಉಳಿಯಲೇ ಇಲ್ಲ. ಎರಡನೆಯ ದಿನ ಆ ಕಾಲು ನಿಜಕ್ಕೂ ಸೊಟ್ಟಗಿತ್ತೇ ಎಂದು ಯಾರೂ ಕೇಳಿದಂತಿಲ್ಲ. ದಿನವಿಡೀ ಜನರ ಪಾದ ನೋಡುವವನಿಗೆ ಕಾಲಿನ ಬಗ್ಗೆ ಒಂದು ಮಾತಾಡುವ ಹಕ್ಕಿಲ್ಲವೇ? ಮಾದಾರ ಚೆನ್ನಯ್ಯನನ್ನೂ ಹರಳಯ್ಯನನ್ನೂ ಶರಣರೆಂದು ನೆನೆಯುವ ನಾಡಿನವನಿಗೆ ಅಪೆಲಿಸನ ಗದರಿಕೆ ಸ್ವಲ್ಪ ಕಿವಿಗೆ ಚುಚ್ಚುತ್ತದೆ.

ಪದ ಮುದ್ರಣಕ್ಕೆ ಬಂದ ಸಂದರ್ಭ ಇನ್ನೂ ಖಾರ. 1819ರಲ್ಲಿ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ತನ್ನ ಪುಸ್ತಕಗಳನ್ನು ಹರಿದುಹಾಕಿದ ‘ಕ್ವಾರ್ಟರ್ಲಿ ರಿವ್ಯೂ’ ಸಂಪಾದಕ ವಿಲಿಯಂ ಗಿಫರ್ಡ್‌ಗೆ ಒಂದು ಬಹಿರಂಗ ಪತ್ರ ಬರೆದು, ಅದರಲ್ಲಿ ಈ ಬಿರುದು ದಯಪಾಲಿಸಿದ. ನಾಲ್ಕು ವರ್ಷದ ಮೇಲೆ ಲೀ ಹಂಟ್ ಅದನ್ನೇ ತಲೆಬರಹ ಮಾಡಿಕೊಂಡು ಒಂದು ವಿಡಂಬನ ಕಾವ್ಯವನ್ನೇ ಹೊರತಂದ. ಗುಟ್ಟೇನೆಂದರೆ, ಗಿಫರ್ಡ್ ಹುಡುಗನಾಗಿದ್ದಾಗ ಚಮ್ಮಾರನ ಬಳಿ ಕೆಲಸ ಕಲಿಯಲು ಕಟ್ಟುಬಿದ್ದಿದ್ದ ಅನಾಥ. ಕಾಗದ ಕೊಳ್ಳಲು ಕಾಸಿಲ್ಲದೆ, ತೊಗಲಿನ ಚೂರುಗಳನ್ನು ಬಡಿದು ನುಣುಪು ಮಾಡಿ, ಮೊಂಡು ಆರೆಯಿಂದ ಅವುಗಳ ಮೇಲೆ ಗಣಿತ ಬಿಡಿಸುತ್ತಿದ್ದ. ಸಂಪಾದಕನಾಗಿ ಅವನು ಕ್ರೂರಿ, ಬೈಗುಳಕ್ಕೆ ಅರ್ಹನೇ. ಆದರೆ ಪ್ರಜೆಗಳ ಹಕ್ಕಿನ ಪರ ಗಂಟಲು ಹರಿದುಕೊಂಡ ಹ್ಯಾಜ್ಲಿಟ್, ವಿಮರ್ಶಕನನ್ನು ಹೊಡೆಯಲು ಅವನ ಬಾಲ್ಯದ ಕಸುಬನ್ನೇ ಎತ್ತಿಕೊಂಡದ್ದು ನನಗೆ ಹಿಡಿಸುವುದಿಲ್ಲ. ಬೈಗುಳ ಸೊಗಸಾಗಿದೆ ಎಂಬುದು ಬೇರೆ ಮಾತು. ಹಾಗಾಗಿ ಈ ಪದವನ್ನು ನಾಲಗೆಯ ಮೇಲೆ ಹೊರಳಿಸಿ ಚಪ್ಪರಿಸುತ್ತೇನೆಯೇ ಹೊರತು ಯಾರ ಮೇಲೂ ಎಸೆಯುವುದಿಲ್ಲ.

ಗಿಫರ್ಡ್ ಆ ಅಂಗಡಿಯಿಂದ ಆಕ್ಸ್‌ಫರ್ಡ್ ಸೇರಿದ್ದು ಹೇಗೆ? ಡೆವನ್‌ನ ಆಶ್‌ಬರ್ಟನ್ ಊರಿನ ಶಸ್ತ್ರವೈದ್ಯ ಕುಕ್ಸ್‌ಲಿ ಹುಡುಗನ ಪದ್ಯಗಳನ್ನು ನೋಡಿ, ಇವನಲ್ಲಿ ಸತ್ವವಿದೆ ಎಂದು ತೀರ್ಮಾನಿಸಿ, ಚಂದಾ ಎತ್ತಿ ಅವನನ್ನು ಕರಾರಿನಿಂದ ಬಿಡಿಸಿದ. ಗಾಯ ಹೊಲಿಯುವವನಿಗೆ ಕಾವ್ಯದ ಉಸಾಬರಿ ಯಾಕೆ ಬೇಕಿತ್ತು? ಅಂದಹಾಗೆ, 1852ರಲ್ಲಿ ಥೆಸಾರಸ್ ಪ್ರಕಟಿಸಿದ ರೋಜೆಯೂ ವೈದ್ಯನೇ.