ನಿಲ್ಲಿಸುವ ತಂತಿಗಳು

ಮನೆಯೊಳಗಿಂದಲೇ ಕಾರನ್ನು ಚಾಲೂ ಮಾಡುವ ರಿಮೋಟ್ ಸ್ಟಾರ್ಟರಿನಲ್ಲಿ, ಚಾಲೂ ಮಾಡುವ ತಂತಿಗಳಿಗಿಂತ ನಿಲ್ಲಿಸುವ ತಂತಿಗಳೇ ಮುಖ್ಯವಾದವು. ಮಿನ್ನೆಸೋಟಾದಲ್ಲಿರುವ ಮಗನ ಕಾರಿಗೆ ಅದನ್ನೂ ಕಳ್ಳರ ಅಲಾರಮನ್ನೂ ಜೋಡಿಸುವುದನ್ನು ನೋಡಿದಾಗ ಇದು ಮನದಟ್ಟಾಯಿತು. ಬಾನೆಟ್ ತೆರೆದಿದ್ದರೆ ಎಂಜಿನ್ ಚಾಲೂ ಆಗಕೂಡದು; ರಿಪೇರಿ ಮಾಡುವವನ ಕೈ ಒಳಗಿರಬಹುದು. ಕೀಲಿ ಹಾಕದೆ ಯಾರಾದರೂ ಬ್ರೇಕ್ ತುಳಿದರೆ ಅದು ಒಡನೆ ನಿಲ್ಲಬೇಕು; ಆಗ ಕಳ್ಳನು ಕಾರನ್ನು ಒಯ್ಯಲಾರನು. ಗೇರಿನಲ್ಲಿರುವ ಕಾರು ತಾನಾಗಿ ಮುನ್ನುಗ್ಗಕೂಡದು. ಇವೆಲ್ಲಕ್ಕೂ ಒಂದೊಂದು ತಂತಿಯುಂಟು.

ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡನ್ನು ಈ ಯಾವ ತಂತಿಯೂ ಅರಿಯದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮನೆಯೊಳಕ್ಕೆ ನುಸುಳಿ ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲದು. ಶೀತದೇಶಗಳಲ್ಲಿ ನೆಲೆಸಿರುವ ನೀವು ಕಾರು ಬಯಲಿನಲ್ಲಿದ್ದಾಗ ಮಾತ್ರ ಗುಂಡಿ ಒತ್ತಿರಿ. ಆ ಗುಂಡಿ ಮಕ್ಕಳ ಕೈಗೆ ಎಟುಕದಿರಲಿ.