ಅದೇ ಮಾತು, ಬೇರೆ ಬಾಯಿ

ಪಾಠದ ಒಳಗಿನ ಪ್ರಶ್ನೆಗೆ ಉತ್ತರ ಹೇಳುವುದು ಮೇಷ್ಟರಿಗೆ ಅಷ್ಟೇನೂ ಕಷ್ಟವಲ್ಲ. ಓಮನ ನಿಯಮ ಮರೆತರೆ ಪುಸ್ತಕ ತೆರೆದರಾಯಿತು. ಪಾಠದ ಹೊರಗಿನ ಪ್ರಶ್ನೆ ಬಂದಾಗಲೇ ನಮ್ಮ ಬಂಡವಾಳ ಹೊರಬೀಳುವುದು. ನಾನು ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಅಂಥದ್ದೊಂದು ಪ್ರಶ್ನೆ ಕೇಳಿದ. ಕೇರಿಯ ಇಬ್ಬರು ಹುಡುಗರು ಮೈದಾನದಲ್ಲಿ 'ಬಾರ್ಲಾ ಹೊಲೆಯ' ಎಂದು ಒಬ್ಬರನ್ನೊಬ್ಬರು ಕೂಗಿಕೊಂಡು ನಗುತ್ತಿದ್ದರಂತೆ. ಇವನೂ ಅದೇ ಮಾತನ್ನು ಅಂದ. ಅಂಗಿ ಹರಿಯಿತು, ಮೂಗಿನಲ್ಲಿ ರಕ್ತ ಬಂತು. 'ಅವರವರೇ ಅಂದ್ಕೊಂಡ್ರೆ ತಮಾಷೆ, ನಾನಂದ್ರೆ ಹೊಡೆತ. ಇದ್ಯಾವ ನ್ಯಾಯ ಸಾರ್?' ಎಂಬುದು ಅವನ ದೂರು.

ಅವನ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ದೊಡ್ಡವರೂ ಎಷ್ಟೋ ಮಂದಿ ಇದನ್ನೇ ಕೇಳುತ್ತಾರೆ. ಉತ್ತರ ಹೇಳುವ ಮುನ್ನ ನಾನು ಯಾರೆಂದು ತಿಳಿಸಬೇಕು. ನಾನೂ ಅಂಥ ಕೇರಿಯಲ್ಲೇ ಹುಟ್ಟಿದವನು, ಮಳವಳ್ಳಿ ತಾಲ್ಲೂಕಿನವನು. ನಮ್ಮಪ್ಪನಿಗೆ ಒಂದು ಒಳ್ಳೆಯ ಹೆಸರಿತ್ತು. ಊರಿನವರ ಬಾಯಲ್ಲಿ ಅದು ಬಂದದ್ದು ಕಡಿಮೆ. ಕೆಲಸಕ್ಕೆ ಕರೆಯುವಾಗ, ಕೂಲಿ ಕೊಡುವಾಗ, ಸಿಟ್ಟು ಬಂದಾಗ, ಯಾವಾಗಲೂ ಜಾತಿಯೇ ಅವರ ಹೆಸರು. ನಾನು ಬಿ.ಎಸ್ಸಿ. ಓದಲು ಮಂಡ್ಯಕ್ಕೆ ಹೊರಟಾಗ ಅವರು ಹೇಳಿದ ಬುದ್ಧಿಮಾತು ಒಂದೇ: 'ಯಾರ ಮಗ ಅಂತ ಕೇಳಿದ್ರೆ ನನ್ನ ಹೆಸ್ರು ಯೋಳು. ಆ ಮಾತು ಮಾತ್ರ ನಿನ್ ಬಾಯಲ್ಲಿ ಬರಬ್ಯಾಡ ಕಣಪ್ಪ.'

ನನ್ನ ದಾಖಲೆಗಳಲ್ಲಿ ಆ ಮಾತಿಲ್ಲ. 'ಆದಿ ಕರ್ನಾಟಕ' ಎಂದಿದೆ. ಹೊಲೆಯ, ಮಾದಿಗ, ಪಂಚಮ ಎಂಬ ಹೆಸರುಗಳು ನೋಯಿಸುತ್ತವೆಂದು ಮೈಸೂರು ಸಂಸ್ಥಾನದಲ್ಲಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ಬಳಕೆಗೆ ಬಂದವು. ಗಾಂಧೀಜಿ 1933ರಲ್ಲಿ 'ಹರಿಜನ್' ಪತ್ರಿಕೆ ಆರಂಭಿಸಿದರು. ಅಂಬೇಡ್ಕರರು ಆ ಹೆಸರನ್ನು ಒಪ್ಪಲಿಲ್ಲ. 1938ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಅದನ್ನು ಕಾನೂನಿನ ಭಾಷೆಗೆ ಸೇರಿಸಲು ಹೊರಟಾಗ ಅವರ ಪಕ್ಷದವರು ಸಭೆಯಿಂದ ಎದ್ದು ನಡೆದರು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರಗಳಲ್ಲಿ 'ಹರಿಜನ' ಎಂದು ಬರೆಯಬಾರದೆಂದು ಸೂಚಿಸಿತು. ಇನ್ನು ನಮ್ಮ 'ಆದಿ ಕರ್ನಾಟಕ' ಜನರ ಬಾಯಲ್ಲಿ 'ಎ.ಕೆ.' ಆಯಿತು, ಕೇರಿ 'ಎ.ಕೆ. ಕಾಲೋನಿ' ಆಯಿತು. ಮರ್ಯಾದೆಗೆಂದು ಬಂದ ಆ ಎರಡಕ್ಷರವನ್ನೂ 'ಅವರು ಎ.ಕೆ.ಯಂತೆ' ಎಂದು ದನಿ ತಗ್ಗಿಸಿ ಹೇಳುವವರು ಇದ್ದೇ ಇದ್ದಾರೆ. ಉಪ್ಪನ್ನು ಸೋಡಿಯಂ ಕ್ಲೋರೈಡ್ ಎಂದು ಕರೆದರೆ ರುಚಿ ಬದಲಾಗುವುದಿಲ್ಲ. ಹೇಳುವವರ ಮನಸ್ಸು ಬದಲಾಗದಿದ್ದರೆ ಹೊಸ ಹೆಸರಿಗೂ ಹಳೆಯ ಕಹಿಯೇ ಹತ್ತುತ್ತದೆ.

ಹೆಸರು ಬಚ್ಚಿಟ್ಟು ಏನೂ ದಕ್ಕದಿದ್ದರೆ ಹಳೆಯದನ್ನೇ ತಲೆಯೆತ್ತಿ ಹೇಳಿದರೇನು? ಹೀಗೆ ಕೇಳಿದವರೂ ನಮ್ಮಲ್ಲಿದ್ದಾರೆ. ಶರಣ ಚೆನ್ನಯ್ಯನವರ ಹೆಸರಿನ ಮುಂದೆ 'ಮಾದಾರ' ಎಂಬುದು ಇಂದಿಗೂ ಗೌರವವಾಗಿಯೇ ನಿಂತಿದೆ. ಮಂಟೇಸ್ವಾಮಿ ಮಠವಿರುವ ಬೊಪ್ಪೇಗೌಡನಪುರ ನಮ್ಮ ಮಳವಳ್ಳಿ ತಾಲ್ಲೂಕಿನದೇ. ನೀಲಗಾರರು ಹಾಡುವ ಕಥೆಯಲ್ಲಿ ಆ ಸ್ವಾಮಿ ಕಲ್ಯಾಣಕ್ಕೆ ಹೋಗುವುದು ಊರು ಯಾರನ್ನು ಕೀಳೆಂದಿತೋ ಅವರ ವೇಷದಲ್ಲಿ. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ಇಟ್ಟ ಹೆಸರು 'ಹೊಲೆಮಾದಿಗರ ಹಾಡು'. ಆಂಧ್ರದಲ್ಲಿ 1994ರಲ್ಲಿ ದಂಡೋರ ಚಳವಳಿ ಕಟ್ಟಿದ ಮಂದಕೃಷ್ಣ ಅವರು ತಮ್ಮ ಹೆಸರಿಗೇ 'ಮಾದಿಗ' ಎಂದು ಸೇರಿಸಿಕೊಂಡರು.

ಈ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಕಪ್ಪು ಜನರನ್ನು ಗುಲಾಮಗಿರಿಯ ಕಾಲದಿಂದಲೂ ಹೀನಾಯಿಸಲು ಬಳಸಿದ ಒಂದು ಪದವಿದೆ. ಹಾಸ್ಯಗಾರ ಡಿಕ್ ಗ್ರೆಗರಿ 1964ರಲ್ಲಿ ತಮ್ಮ ಆತ್ಮಕಥೆಗೆ ಅದೇ ಪದವನ್ನು ಹೆಸರಾಗಿಟ್ಟರು. ಇನ್ನೊಬ್ಬ ಹಾಸ್ಯಗಾರ ರಿಚರ್ಡ್ ಪ್ರಯರ್ ವೇದಿಕೆಯ ಮೇಲೆ ಅದನ್ನು ಧಾರಾಳವಾಗಿ ಬಳಸುತ್ತಿದ್ದವರು, 1979ರಲ್ಲಿ ಕೀನ್ಯಾ ದೇಶಕ್ಕೆ ಹೋಗಿಬಂದ ಮೇಲೆ ಇನ್ನು ಬಳಸುವುದಿಲ್ಲವೆಂದು ತೀರ್ಮಾನಿಸಿದರು. ಕಪ್ಪು ಜನರ ಹಳೆಯ ಸಂಘಟನೆಯಾದ ಎನ್.ಎ.ಎ.ಸಿ.ಪಿ. 2007ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಆ ಪದಕ್ಕೆ ಶವಪೆಟ್ಟಿಗೆ ಮಾಡಿಸಿ ಅಂತ್ಯಸಂಸ್ಕಾರವನ್ನೇ ನಡೆಸಿತು. ಆದರೂ ಅಲ್ಲಿನ ಹುಡುಗರು ಅದರ ಕೊನೆಯ ಉಚ್ಚಾರವನ್ನು ಕೊಂಚ ಬದಲಿಸಿ ಹಾಡಿನಲ್ಲಿ, ಗೆಳೆತನದಲ್ಲಿ ಹೇಳಿಕೊಳ್ಳುತ್ತಲೇ ಇದ್ದಾರೆ. ಹೂಳಬೇಕೆನ್ನುವವರೂ ಅವರೇ, ಹಾಡಬೇಕೆನ್ನುವವರೂ ಅವರೇ.

ನಮ್ಮ ಜಿಲ್ಲೆಯಲ್ಲಿ ಈ ಎರಡು ಮನಸ್ಸನ್ನು ನಾನು ಕಣ್ಣಾರೆ ಕಂಡದ್ದು 2025ರ ಮೇ ತಿಂಗಳಲ್ಲಿ. ಒಳಮೀಸಲಾತಿ ಕೊಡಬಹುದೆಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆಗೆ ಮೇಷ್ಟರುಗಳು ಮನೆಮನೆಗೆ ಹೋದೆವು. ಆದಿ ಕರ್ನಾಟಕ ಎಂಬ ಒಂದೇ ಹೆಸರಿನ ಕೆಳಗೆ ಒಂದು ಕಡೆ ಹೊಲೆಯರು, ಇನ್ನೊಂದು ಕಡೆ ಮಾದಿಗರು ಇರುವುದರಿಂದ ಮೂಲ ಜಾತಿಯನ್ನೇ ಕೇಳಬೇಕಿತ್ತು. ಯಾವ ಮಾತನ್ನು ಆಡಬೇಡವೆಂದು ಅಪ್ಪ ಹೇಳಿದ್ದರೋ ಅದನ್ನೇ ಬಾಗಿಲು ತಟ್ಟಿ ಕೇಳುವುದು! ಮಂಡ್ಯದ ಬಾಡಿಗೆ ಮನೆಯೊಂದರಲ್ಲಿ ಹೆಣ್ಣುಮಗಳೊಬ್ಬಳು ನನ್ನನ್ನು ಒಳಕ್ಕೆ ಕರೆದು, ಬಾಗಿಲು ಮುಂದೆ ಮಾಡಿ, ಕಿವಿಯಲ್ಲಿ ಹೇಳಿದಂತೆ ಹೇಳಿದಳು. ಮಹಡಿಯ ಮೇಲಿದ್ದ ಮನೆ ಯಜಮಾನರಿಗೆ ಕೇಳಬಾರದಿತ್ತು. ಪಕ್ಕದ ಬೀದಿಯ ಅಜ್ಜನೊಬ್ಬ ಜಗುಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಹೇಳಿದ. ನಾನು ಮೊಬೈಲಿನಲ್ಲಿ ಒತ್ತುತ್ತಿದ್ದರೂ 'ದಪ್ಪಕ್ಕೆ ಬರ್ಕಳಿ ಮೇಷ್ಟ್ರೆ' ಎಂದ. ಇಬ್ಬರಲ್ಲಿ ಯಾರು ಸರಿ ಎಂದು ಅಂಕ ಹಾಕುವ ಅಧಿಕಾರ ಯಾರಿಗಿದೆ?

ನಮ್ಮ ಮನೆಯಲ್ಲೇ ಈ ವಾದ ಮುಗಿದಿಲ್ಲ. ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಫೋನಿನಲ್ಲಿ ಗೆಳೆಯನನ್ನು ಆ ಮಾತಿನಿಂದಲೇ ಕರೆಯುವುದು ನಮ್ಮವ್ವನ ಕಿವಿಗೆ ಬಿತ್ತು. 'ಆ ಮಾತ ಕೇಳ್ಕಂಡೇ ನಿನ್ ತಾತ ಹ್ವಾದ್ರು. ನೀನು ಅದ್ನೇ ಆಟ ಮಾಡ್ಕಂಡಿದ್ದೀಯಲ್ಲಪ್ಪ' ಎಂದರು. ಅವನು, 'ಅಜ್ಜಿ, ಅವರು ಅಂದಾಗ ನೀವು ತಲೆ ತಗ್ಗಿಸ್ತಿದ್ರಿ. ನಾನು ತಗ್ಗಿಸಲ್ಲ ಅಂತ ತೋರಿಸೋಕೇ ಅನ್ನೋದು' ಎಂದ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ತಲೆ ಎತ್ಕಂಡು ಅನ್ನು, ಬ್ಯಾಡ ಅನ್ನಲ್ಲ. ನಗ್ತಾ ಅಂತೀಯಲ್ಲ, ಅದು ಬ್ಯಾಡ.' ಓದು ಬರೆಯದ ಆಕೆಯ ಮಾತು ನನಗೆ ದೊಡ್ಡದಾಗಿ ಕಂಡಿತು. ಸಿದ್ಧಲಿಂಗಯ್ಯನವರು ಹಾಡೆಂದಾಗ ಆ ಪದಕ್ಕೊಂದು ಕೆಲಸವಿತ್ತು. ಬಸ್ಸಿನಲ್ಲಿ ಸುಮ್ಮನೆ ಎಸೆಯುವಾಗ ಇರುವುದು ಅಭ್ಯಾಸ ಮಾತ್ರ. ಆದರೆ ಈ ಮಾತನ್ನು ಅವನಿಗೆ ಹೇಳಬೇಕಾದವರು ಅವನ ಅಜ್ಜಿ; ಹೊರಗಿನವರಲ್ಲ.

ಹುಡುಗನ ಪ್ರಶ್ನೆಗೆ ಕಾನೂನಿನಲ್ಲೂ ಉತ್ತರವಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ನಾಲ್ಕು ಜನರ ಕಣ್ಣೆದುರು ಜಾತಿಯ ಹೆಸರು ಹಿಡಿದು ಬೈಯುವುದೇ ಅಪರಾಧ. ಆದರೆ ಬೈದವನು ಆ ವರ್ಗಗಳಿಗೆ ಸೇರದವನಾಗಿರಬೇಕು. ಅಂದರೆ ಬಾಯಿ ಯಾರದು ಎಂಬುದನ್ನು ಕಾನೂನೂ ನೋಡುತ್ತದೆ. ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಜಾತಿಯ ಹೆಸರು ಜಾತಿಯನ್ನು ಸೂಚಿಸುವುದಾದರೂ ಅವಮಾನಿಸುವ ಉದ್ದೇಶದಿಂದ ಆಡಿದರೆ ಅಪರಾಧವೆಂದು ಹೇಳಿ, ಅಮೆರಿಕದ ಆ ಪದವನ್ನೇ ಹೋಲಿಕೆಗೆ ಕೊಟ್ಟಿತು. ನಾನು ಹುಡುಗನಿಗೆ ಇಷ್ಟೇ ಹೇಳಿದೆ: 'ಆ ಮಾತಿನ ಏಟು ತಿಂದ ಮನೆಯವರು ಅದನ್ನು ಬಿಸಾಡಬಹುದು, ಇಟ್ಟುಕೊಳ್ಳಬಹುದು. ಏಟು ತಿನ್ನದವರಿಗೆ ಅದರಲ್ಲಿ ಪಾಲಿಲ್ಲ, ಗೆಳೆಯನಾದರೂ ಇಲ್ಲ.'

ತಂದೆ ತಾಯಿಗಳಿಗೆ ಒಂದು ಮಾತು. 2023ರಲ್ಲಿ ಪ್ರಸಿದ್ಧ ಚಿತ್ರನಟರೊಬ್ಬರು ಊರು, ಹೊಲಗೇರಿ ಎಂಬ ಹಳೆಯ ಗಾದೆಯನ್ನು ಮಾತಿನ ಓಘದಲ್ಲಿ ಹೇಳಿ, ಪೊಲೀಸ್ ದೂರುಗಳಾಗಿ, ಕ್ಷಮೆ ಕೇಳಬೇಕಾಯಿತು. ಆ ಗಾದೆ ಯಾವ ಪಠ್ಯದಲ್ಲೂ ಇಲ್ಲ. ಊಟಕ್ಕೆ ಕೂತಾಗ ಮಕ್ಕಳ ಕಿವಿಗೆ ಬೀಳುವಂಥದ್ದು. ಕೇರಿಯ ಮಕ್ಕಳೇ, ಆ ಪದ ಬಾಯಿಗೆ ಬಂದಾಗ ಒಮ್ಮೆ ನಿಮ್ಮ ಅಜ್ಜಿಯನ್ನು ಕೇಳಿ. ಊರಿನ ಮಕ್ಕಳೇ, ಎದುರಿಗಿರುವವನಿಗೆ ಅವನ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದನ್ನು ಹಿಡಿದು ಕರೆಯಿರಿ.